ಹೊಗೆ ಬಾರದ ಅಂಗಳ

"ಅಗಿಯೇ ಮುಂಡೆ, ಅಗಿ! ಹೂಳುವಾಗ ಇದ್ದ ಜೋರು ಈಗ ಎಲ್ಲಿಗೆ ಹೋಯ್ತು?"

ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ತಿಪ್ಪೆಯ ಪಕ್ಕದಲ್ಲಿ ನಿಂತಿದ್ದ. ಕೊಟ್ಟಿಗೆಯವಳು ಮೊಣಕಾಲೂರಿ ಗುದ್ದಲಿಯನ್ನು ಮೆಲ್ಲಗೆ ಹಾಕುತ್ತಿದ್ದಳು. ಜೋರಾಗಿ ಹಾಕಿದರೆ ಕೆಳಗಿರುವುದಕ್ಕೆ ತಾಗೀತು ಎಂಬ ಹೆದರಿಕೆ. ಅದಕ್ಕೆ ಇನ್ನು ನೋವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಕೈಗೆ ಗೊತ್ತಿರಲಿಲ್ಲ.

"ಗಂಡ ಎದುರಿಗೇ ಕಂಬದ ಹಾಗೆ ನಿಂತಿದ್ದಾನೆ, ಮುಂಡೆ ಅಂತಾನಲ್ಲ," ಎಂದು ಪಕ್ಕದ ಗುಡಿಸಲ ಬಾಗಿಲಲ್ಲಿ ಕುಳಿತಿದ್ದ ಹಲ್ಲಿಲ್ಲದ ಅಜ್ಜಿ ತನ್ನ ಮೇಕೆಗೆ ಹೇಳಿದಳು. "ಹೊಗೆ ಇವನ ಕಣ್ಣಿಗೂ ಹೊಕ್ಕಿರಬೇಕು ಕಣೇ."

ಕೇರಿಯ ಮೇಲೆ ಹೊಗೆ ಇನ್ನೂ ತೂಗುತ್ತಿತ್ತು. ಧಣಿಯ ಗದ್ದೆಯಲ್ಲಿ ಯಂತ್ರ ಕೊಯ್ದುಬಿಟ್ಟ ಮೊಣಕಾಲೆತ್ತರದ ಕೂಳೆಗೆ ಬೆಂಕಿ ಹಾಕಿ ಅಂದಿಗೆ ಒಂಬತ್ತನೆಯ ದಿನ. ಸೂರ್ಯ ಹುಟ್ಟುವುದೂ ಮುಳುಗುವುದೂ ಒಂದೇ ಬಣ್ಣದಲ್ಲಿ ಆಗುತ್ತಿತ್ತು. ಒಗೆದು ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ಮತ್ತೆ ಒಗೆಯುವಂತಾಗುತ್ತಿತ್ತು. ಕೇರಿಯ ಜನ ಕೆಮ್ಮಿಕೊಂಡೇ ಮಾತಾಡುತ್ತಿದ್ದರು, ಕೆಮ್ಮಿಕೊಂಡೇ ನಗುತ್ತಿದ್ದರು. ದನಗಳಿಗೆ ಕೆಮ್ಮುವುದೊಂದೇ ಗೊತ್ತಿತ್ತು.

ಕೆಂದಿ ಪಾಲಿನ ಹಸು. ಅದು ಸಣ್ಣ ಕರುವಾಗಿದ್ದಾಗಲೇ ಧಣಿ ಅದನ್ನು ಇವಳ ಕೈಗೆ ಕೊಟ್ಟಿದ್ದ. ಮೇವು, ನೀರು, ಆರೈಕೆ ಇವಳದು, ಹಸು ಅವನದು. ಅದರ ಮೊದಲ ಕರು ಧಣಿಯ ದೊಡ್ಡಮನೆಯ ಕೊಟ್ಟಿಗೆ ಸೇರಿದ ದಿನ ತಾಯಿ ಇವಳದಾಗಬೇಕು. ಕೇರಿಯಲ್ಲಿ ಹಸುವಿನ ಒಡತಿಯಾಗಲು ಇದೊಂದೇ ದಾರಿ. ಆ ಕರಾರಿಗೆ ಇನ್ನೊಂದು ಕಟ್ಟೂ ಇತ್ತು: ಕರು ಬದುಕಲಿ, ಸಾಯಲಿ, ಧಣಿಗೆ ತೋರಿಸದೆ ಮಣ್ಣು ಮಾಡಬಾರದು. ಕೇರಿಯವರು ಕರು ಕದ್ದು ಮಾರುತ್ತಾರೆ ಎಂಬುದು ದೊಡ್ಡಮನೆಯವರ ಅಜ್ಜಂದಿರ ಕಾಲದ ನಂಬಿಕೆ.

ಹಿಂದಿನ ದಿನ ಬೆಳಗಿನ ಜಾವ ಕೆಂದಿ ದಿನ ತುಂಬದ ಕಂದು ಹಾಕಿತು. ಆರು ತಿಂಗಳ ಕಂದು. ಕೊಟ್ಟಿಗೆಯವಳು ಅದನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ, ತಾಯಿ ನೋಡದ ಹಾಗೆ ಮರೆಮಾಡಿ, ಬೆಳಕು ಹರಿಯುವ ಮೊದಲೇ ಹೂಳಿಬಿಟ್ಟಳು. ಕರಾರು ನೆನಪಾದದ್ದು ಕೈ ತೊಳೆಯುವಾಗ. ಸತ್ತ ಕೂಸನ್ನು ಮೊದಲು ಯಜಮಾನನಿಗೆ ತೋರಿಸಿ ಆಮೇಲೆ ಅಳಬೇಕು ಎಂದು ಯಾರಿಗೆ ತಾನೆ ಹೊಳೆಯುತ್ತದೆ?

ಗುದ್ದಲಿಗೆ ಬಟ್ಟೆ ಸಿಕ್ಕಿತು. ಅವಳು ಗುದ್ದಲಿ ಬಿಟ್ಟು ಕೈಯಿಂದ ಮಣ್ಣು ಸರಿಸಿದಳು.

"ಬಿಚ್ಚು," ಎಂದ ಧಣಿ.

ಬಿಚ್ಚಿದಳು. ಕೂದಲು ಇನ್ನೂ ಸರಿಯಾಗಿ ಮೂಡಿರಲಿಲ್ಲ. ಗೊರಸು ನೆನೆಸಿದ ಕಾಳಿನಷ್ಟು ಮೆತ್ತಗಿತ್ತು. ಧಣಿ ಬಗ್ಗಿ, ಊರುಗೋಲಿನ ತುದಿಯಿಂದ ಹಿಂಗಾಲು ಸರಿಸಿ ನೋಡಿದ.

"ಹೆಣ್ಣು! ಹೆಣ್ಣುಗರು ಕಳೆದೆಯಲ್ಲೇ ನಂದು. ಗೊಡ್ಡಿ ಕೈಗೆ ಹಸು ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ. ನಿನ್ನ ಹೊಟ್ಟೇಲೇ ಒಂದೂ ನಿಲ್ಲಲಿಲ್ಲ, ನನ್ನ ಹಸು ಹೊಟ್ಟೇಲಿ ಹೇಗೆ ನಿಲ್ಲುತ್ತೆ?"

"ಹೊಗೆ, ಧಣಿ," ಎಂದಳು ತಲೆ ಎತ್ತದೆ. "ಒಂಬತ್ತು ದಿನದಿಂದ ಒಂದೇ ಸಮ ಕೆಮ್ಮುತ್ತಿತ್ತು. ಕಣ್ಣಲ್ಲಿ ನೀರು ನಿಲ್ತಿರಲಿಲ್ಲ. ಮೇವು ಮೂಸಿ ಬಿಡ್ತಿತ್ತು."

"ಹೊಗೆಯಂತೆ ಹೊಗೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮಪ್ಪನೂ ಕೂಳೆ ಸುಟ್ಟಿದ್ದಾನೆ, ನಮ್ಮಜ್ಜನೂ ಸುಟ್ಟಿದ್ದಾನೆ. ಆಗ ಹಸು ಕರು ಹಾಕದೆ ಕಲ್ಲು ಹಾಕುತ್ತಿದ್ದವಾ?" ಧಣಿ ಕರವಸ್ತ್ರವನ್ನು ಗುಂಡಿಗೆ ಎಸೆದ. "ಇನ್ನೊಂದೇ ಸಲ ನೋಡ್ತೀನಿ. ಇನ್ನೊಂದು ಸಲ ಕಂದು ಹಾಕಿದರೆ ಹಸು ಕಟುಕನ ಗಾಡಿಗೆ. ಕೇಳಿಸ್ತಾ ಗೊಡ್ಡಿ?"

ಅವನು ಹೋದ ಮೇಲೆ ಗಂಡ ಗುಂಡಿಗೆ ಇಳಿದ. ಆ ಕರವಸ್ತ್ರವನ್ನು ಹೆಕ್ಕಿ ಆಚೆ ಎಸೆದ. ಹೆಗಲ ಮೇಲಿನ ಟವೆಲ್ ತೆಗೆದು ಕಂದಿನ ಮುಖ ಮುಚ್ಚಿದ. ಇದ್ದದ್ದು ಅದೊಂದೇ ಟವೆಲ್ಲು.

*

ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು "ಗಾಳಿ" ಎಂದು. ಗಾಳಿ ನೋಡುವುದು ಅವನ ಕೆಲಸ. ಗದ್ದೆಗೆ ಬೆಂಕಿ ಇಡುವ ದಿನ ಅವನು ಬದುವಿನ ಮೇಲೆ ನಿಂತು ಒಂದು ಹಿಡಿ ಹೊಟ್ಟನ್ನು ತಲೆಯೆತ್ತರದಿಂದ ಬಿಡುವನು. ಅದು ಬೀಳುವ ಓರೆ ನೋಡುವನು. ತೋರುಬೆರಳು ಎಂಜಲು ಮಾಡಿ ಎತ್ತಿ ಹಿಡಿಯುವನು. ಆಮೇಲೆ "ಈಗ" ಎನ್ನುವನು, ಇಲ್ಲವೆ "ಈಗ ಬೇಡ" ಎನ್ನುವನು. ಅವನು "ಈಗ" ಎಂದರೆ ಬೆಂಕಿ ಬದು ದಾಟುತ್ತಿರಲಿಲ್ಲ. ಧಣಿ ಯಾರ ಮಾತನ್ನೂ ಕೇಳದವನು, ವರ್ಷಕ್ಕೆ ಒಂದು ದಿನ ಇವನ ಮಾತು ಕೇಳುತ್ತಿದ್ದ.

ಹೆಂಡತಿಯದು ದೊಡ್ಡಮನೆಯ ಕೊಟ್ಟಿಗೆ ಕೆಲಸ. ಅಲ್ಲಿನ ಹದಿನಾಲ್ಕು ಹಸುಗಳ ಸಗಣಿ ಬಾಚಿ, ಮೈತೊಳೆದು, ಮೇವು ಹಾಕಿ, ಹಿತ್ತಿಲ ಬಾಗಿಲಿಂದಲೇ ಬಂದು ಹಿತ್ತಿಲ ಬಾಗಿಲಿಂದಲೇ ಹೋಗುವಳು. ಮನೆಗೆ ಬಂದು ಕೆಂದಿಯ ಕೆಲಸ. ಒಂದೇ ಊರಿನ ಒಂದೇ ಜಾತಿಯ ಹಸುಗಳು. ಅಲ್ಲಿನವುಗಳ ಮೈ ಎಣ್ಣೆ ಸವರಿದ ಹಾಗೆ, ಕೆಂದಿಯ ಮೈ ಗೋಣಿತಾಟಿನ ಹಾಗೆ. ಎರಡು ಕಡೆಗೂ ಕೈ ಒಂದೇ, ಅವಳದೇ.

ಕಂದು ಹಾಕಿದ ಮೇಲೆ ಕೆಂದಿ ಮೂರು ತಿಂಗಳು ಬೆದೆಗೇ ಬರಲಿಲ್ಲ. ಬಂದ ಮೇಲೆ ದನದ ಡಾಕ್ಟರು ಮೂರು ಸಲ ಗಬ್ಬದ ಸೂಜಿ ಹಾಕಿದರು. ಮೂರು ಸಲವೂ ನಿಲ್ಲಲಿಲ್ಲ. ನಾಲ್ಕನೆಯ ಸಲ ಬಂದಾಗ ಅವರು ಭುಜದವರೆಗೆ ಕೈಗವಸು ಏರಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದರು. ಕೈ ತೊಳೆಯಲು ಅವಳು ಬಿಸಿನೀರು ಕೊಟ್ಟಳು.

"ನಿನ್ನ ಆರೈಕೇಲಿ ತಪ್ಪಿಲ್ಲಮ್ಮ," ಎಂದರು ಡಾಕ್ಟರು. "ಉಸಿರಲ್ಲಿ ಹೋಗಿದ್ದು ಹೊಟ್ಟೆ ಒಳಗಿರೋದಕ್ಕೂ ಹೋಗುತ್ತೆ. ಹುಲ್ಲಿನ ಮೇಲೆ ಕೂತ ಮಸಿ ಮೇವಿನ ಜೊತೆ ಹೋಗುತ್ತೆ. ಮೈ ಸುಸ್ತಾದ ಹಸು ಸರಿಯಾಗಿ ಬೆದೆಗೂ ಬರಲ್ಲ, ಗಬ್ಬನೂ ನಿಲ್ಲಿಸಲ್ಲ. ಈ ಕೇರೀಲಿ ಎಂಟು ದನ ನೋಡಿದೆ, ಐದಕ್ಕೆ ಇದೇ ಪಾಡು. ದೊಡ್ಡಮನೆ ಕೊಟ್ಟಿಗೇಲಿ ಹದಿನಾಲ್ಕರಲ್ಲಿ ಒಂದಕ್ಕೂ ಇಲ್ಲ. ಇದನ್ನ ಹೇಳೋಕೆ ಐದು ವರ್ಷ ಓದಬೇಕಾ?"

"ಹಾಗಂತ ಒಂದು ಚೀಟಿ ಬರೆದುಕೊಡಿ ಸಾರ್. ಧಣಿಗೆ ತೋರಿಸ್ತೀನಿ. ನನ್ನ ಮಾತು ಹೋಗಲಿ, ನಿಮ್ಮ ಅಕ್ಷರಕ್ಕೆ ಬೆಲೆ ಕೊಡ್ತಾರೆ."

ಡಾಕ್ಟರು ಪೆನ್ನು ತೆಗೆದರು. ಕಾಗದದ ಮೇಲೆ ಇಟ್ಟರು. ಗುಡಿಸಲ ಆಚೆ, ದೊಡ್ಡಮನೆಯ ಮಾಡು ಕಾಣುವ ಕಡೆಗೆ ಒಮ್ಮೆ ನೋಡಿದರು.

"ನನಗೂ ಹೆಂಡತಿ ಮಕ್ಕಳಿದ್ದಾರಮ್ಮ. ಎರಡು ಸಲ ವರ್ಗ ಮಾಡಿಸಿದ್ದಾರೆ ಆಗಲೇ."

"ನನಗಿಲ್ಲ ಸಾರ್," ಎಂದಳು. ಕುಟುಕಬೇಕೆಂದು ಹೇಳಿದ್ದಲ್ಲ. ಇದ್ದ ಮಾತು ಹೇಳಿದ್ದು.

ಅವರು ತಲೆ ತಗ್ಗಿಸಿ ಏನೋ ಬರೆದುಕೊಟ್ಟರು. ನಾಲ್ಕನೆಯ ಸೂಜಿಗೆ ಏನೂ ಕೇಳಲಿಲ್ಲ. ಹೋಗುವಾಗ ಗಾಡಿಯ ಪೆಟ್ಟಿಗೆಯಿಂದ ದನಕ್ಕೆ ತಿನ್ನಿಸುವ ಖನಿಜದ ಪುಡಿಯ ಎರಡು ಪೊಟ್ಟಣ ತೆಗೆದು ಗೋದಲಿಯ ಅಂಚಿಗೆ ಇಟ್ಟರು. "ಹುಲ್ಲು ತೊಳೆದು ಹಾಕು. ಪ್ರತಿ ಹೊರೆನೂ. ಬೇಸರ ಮಾಡ್ಕೋಬೇಡ."

ಚೀಟಿಯನ್ನು ಅವಳು ಸೆರಗಿಗೆ ಕಟ್ಟಿಕೊಂಡು ಮಾರನೆಯ ದಿನ ದೊಡ್ಡಮನೆಯ ಸೊಸೆಗೆ ತೋರಿಸಿದಳು. ಸೊಸೆ ಪಟ್ಟಣದ ಹುಡುಗಿ. ಹಿತ್ತಿಲಲ್ಲಿ ಯಾರೂ ಇಲ್ಲದಾಗ ಇವಳನ್ನು "ಅಕ್ಕ" ಎನ್ನುವಳು. ಓದಿ ಚೀಟಿಯನ್ನು ಮಗುಚಿ ಹಿಡಿದಳು.

"ಏನಿದೆ ತಾಯಿ?"

"ಬೇಡ ಬಿಡಕ್ಕ."

"ಹೇಳಿ. ನಂದೇ ಚೀಟಿ ಅಲ್ವಾ?"

"'ಸಾಕುವವರ ಅಲಕ್ಷ್ಯದಿಂದ ಗರ್ಭ ನಿಲ್ಲುತ್ತಿಲ್ಲ' ಅಂತ ಇದೆ."

ಕೊಟ್ಟಿಗೆಯವಳು ಚೀಟಿ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿದಳು. ಅಷ್ಟು ಚಂದದ ಬಿಸಿನೀರು ಕಾಯಿಸಿ ಕೊಟ್ಟಿದ್ದೆನಲ್ಲ ಎಂದಷ್ಟೇ ಅನ್ನಿಸಿತು. ಆಮೇಲೆ ಪೊಟ್ಟಣಗಳ ನೆನಪಾಯಿತು. ಮನುಷ್ಯ ಒಂದು ಕೈಯಲ್ಲಿ ಬರೆದದ್ದನ್ನು ಇನ್ನೊಂದು ಕೈಯಲ್ಲಿ ಅಳಿಸಲು ನೋಡುತ್ತಾನೆ, ಪಾಪ.

*

ನಾಲ್ಕನೆಯದು ನಿಂತಿತು.

ಅಂದಿನಿಂದ ಅವಳು ಹೊರೆ ಹೊರೆ ಹುಲ್ಲನ್ನು ಬಾನಿಯಲ್ಲಿ ಅದ್ದಿ ತೊಳೆದೇ ಹಾಕಿದಳು. ಬೆಂಕಿಯ ಕಾಲವಲ್ಲದಾಗಲೂ ತೊಳೆದ ನೀರು ಬೂದಿಬಣ್ಣಕ್ಕೆ ತಿರುಗುತ್ತಿತ್ತು. "ಗಂಡನ ಅಂಗಿ ಇಷ್ಟು ಒಗೆದಿದ್ರೆ ಅವನೂ ಬೆಳ್ಳಗಾಗ್ತಿದ್ದ," ಎಂದು ಅಜ್ಜಿ ನಗುವಳು. ನಗುತ್ತ ನಗುತ್ತ ತನ್ನ ಮೇಕೆಗೆ ಮೇಯಿಸಲು ತಂದ ಎಳೆಹುಲ್ಲಿನಲ್ಲಿ ಅರ್ಧ ಕೆಂದಿಯ ಮುಂದೆ ಎಸೆದು ಹೋಗುವಳು. ಕೇರಿಯ ಕುಂಟ, ಹೋದ ಬೆಂಕಿಯಲ್ಲಿ ಎಮ್ಮೆಯ ಕರುವನ್ನು ಕಳೆದುಕೊಂಡವನು, ತನ್ನ ಗುಡಿಸಲಿನ ಒಂದು ಕಡೆಯ ತಡಿಕೆ ಬಿಚ್ಚಿ ತಂದು ಕೆಂದಿಯ ಕೊಟ್ಟಿಗೆಗೆ ಕಟ್ಟಿದ. "ನನ್ನ ಎಮ್ಮೆಗೆ ಇನ್ನೇನು ಗಾಳಿ ತಡೆಯೋದು, ಹೊಟ್ಟೆ ಒಳಗೆ ಏನೂ ಇಲ್ಲ," ಎಂದ.

ಐದು ತಿಂಗಳಾಯಿತು. ಆರಕ್ಕೆ ಬಿತ್ತು. ಗದ್ದೆಯಲ್ಲಿ ಯಂತ್ರ ಗುಡುಗುಡು ಎಂದು ಓಡಾಡಿ ಕೊಯ್ಲು ಮುಗಿಸಿತು. ಮತ್ತೆ ಕೂಳೆ ನಿಂತಿತು, ಅಂಗೈ ಸೀಳುವಷ್ಟು ಒಣಗಿ.

ಒಂದು ಬೆಳಿಗ್ಗೆ ಅವಳು ಸಗಣಿಬುಟ್ಟಿ ಹೊತ್ತು ದೊಡ್ಡಮನೆಯ ಪಕ್ಕದ ಓಣಿಯಲ್ಲಿ ಬರುವಾಗ ಧಣಿ ಜಗಲಿಯ ಮೇಲೆ ಕುಳಿತು ಗಂಡನ ಜೊತೆ ಮಾತಾಡುತ್ತಿದ್ದ. ಗಂಡ ಅಂಗಳದಾಚೆ, ಗೇಟಿನ ಹೊರಗೆ ನಿಂತಿದ್ದ.

"ಈ ವಾರದಲ್ಲಿ ಮುಗೀಬೇಕು ಕಣೋ ಗಾಳಿ. ಬಿತ್ತನೆಗೆ ಹೊತ್ತಾಯ್ತು. ಆದರೆ ಈ ಸಲ ಹುಷಾರು. ಸೊಸೆಗೆ ಏಳು ತಿಂಗಳು. ಪಟ್ಟಣದ ಡಾಕ್ಟರಮ್ಮ ಹೇಳಿದ್ದಾಳೆ, ಹೊಗೆ ಕುಡಿಸಬೇಡಿ, ಮಗುಗೆ ಕಷ್ಟ ಅಂತ. ಒಂದು ಎಳೆ ಹೊಗೆ ಈ ಕಡೆ ಬಂದರೆ ನಿನ್ನ ಚರ್ಮ ಸುಲೀತೀನಿ. ಗಾಳಿ ಇಲ್ಲಿಂದ ಕೇರಿ ಕಡೆ ಹೊಡೀತಿರಬೇಕು. ಎಂದಿನ ಹಾಗೆ."

"ಎಂದಿನ ಹಾಗೇ ಧಣಿ," ಎಂದ ಗಂಡ.

ಅವಳ ಕಾಲು ನಿಂತಿತು. ಹೊಸ ವಿಷಯವೇನಲ್ಲ. ಹೊಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕೇರಿಯ ಕೂಸಿಗೂ ಗೊತ್ತು. ಆದರೆ ಹಾಗೆ ಹೋಗಬೇಕೆಂದು ಒಬ್ಬ ಹೇಳುವುದನ್ನೂ ಇನ್ನೊಬ್ಬ ಹೂಂ ಎನ್ನುವುದನ್ನೂ ಅವಳು ಕಿವಿಯಾರೆ ಕೇಳಿದ್ದು ಅದೇ ಮೊದಲು. ಹೂಂ ಎಂದವನು ತನ್ನ ಗಂಡ.

"ಧಣಿ," ಎಂದಳು ಬುಟ್ಟಿ ಹೊತ್ತುಕೊಂಡೇ. "ಈ ವರ್ಷ ಉತ್ತುಬಿಡಿ. ಕೂಳೆ ಮಣ್ಣಲ್ಲೇ ಕೊಳೆತರೆ ಗೊಬ್ಬರ. ಇಲ್ಲಾಂದ್ರೆ ನಾವೇ ಕೇರಿಯವರೆಲ್ಲ ಸೇರಿ ಕೈಯಲ್ಲಿ ಕೀಳ್ತೀವಿ, ಕೂಲಿ ಬೇಡ. ಕೆಂದಿಗೆ ಆರು ತಿಂಗಳು ತುಂಬ್ತಾ ಇದೆ. ಹೋದ ಸಲ ಹೋಗಿದ್ದೂ ಆರಕ್ಕೇ."

ಧಣಿಯ ಫೋನು ಹೊಡೆದುಕೊಂಡಿತು. ಅವನು ಅವಳಿಗೆ ನಿಲ್ಲು ಎಂದು ಕೈಮಾಡಿ ಮಾತಿಗೆ ಶುರುಮಾಡಿದ. ಟ್ರ್ಯಾಕ್ಟರಿನ ಮಾತು, ಮಗನ ಮಾತು, ಯಾರದೋ ಮದುವೆಯ ಮಾತು. ಬುಟ್ಟಿ ಹಸಿಸಗಣಿಯದು. ಅದರ ನೀರು ಅವಳ ಹಣೆಗೆ, ಅಲ್ಲಿಂದ ರೆಪ್ಪೆಗೆ, ರೆಪ್ಪೆಯಿಂದ ತುಟಿಗೆ ಇಳಿಯಿತು. ಇಳಿಸುವ ಹಾಗಿಲ್ಲ, ಅಂಗಳವನ್ನೂ ಓಣಿಯನ್ನೂ ಗುಡಿಸಿಯಾಗಿತ್ತು. ಗಂಡ ಗೇಟಿನಾಚೆ ನೆಲ ನೋಡುತ್ತಿದ್ದ.

"ಮಾವ," ಎಂದು ಕಿಟಕಿಯಿಂದ ಸೊಸೆಯ ದನಿ ಬಂತು. "ಬುಟ್ಟಿ ಇಳಿಸೋಕೆ ಹೇಳಿ ಮಾವ. ಕುತ್ತಿಗೆ ನೋಯುತ್ತೆ."

"ಅವರಿಗೆ ರೂಢಿ ಇರುತ್ತಮ್ಮ, ನೀನು ಒಳಗೆ ಹೋಗು." ಧಣಿ ಫೋನು ಇಟ್ಟು ಇವಳ ಕಡೆ ತಿರುಗಿದ. "ಏನಂದೆ? ಉಳಬೇಕಾ? ಡೀಸೆಲ್ ನಿಮ್ಮಪ್ಪ ಹಾಕ್ತಾನಾ? ನೀವು ಕೈಯಲ್ಲಿ ಕಿತ್ತು ಮುಗಿಸೋವಷ್ಟರಲ್ಲಿ ನಾನು ಹೆಣ ಆಗಿರ್ತೀನಿ."

"ಸೊಸೆಯವರ ಮಗುಗೆ ಕಷ್ಟ ಅಂದ್ರಿ, ಹಸುಗೂ ಹಾಗೇ ಅಲ್ವಾ ಧಣಿ?"

ಧಣಿಯ ಊರುಗೋಲು ಜಗಲಿಯ ನೆಲಕ್ಕೆ ಬಡಿಯಿತು.

"ನನ್ನ ಸೊಸೆನ ದನಕ್ಕೆ ಹೋಲಿಸ್ತೀಯೇನೇ, ಹಲ್ಕಾ ರಂಡೆ!" ಧಣಿ ಎದ್ದು ನಿಂತಿದ್ದ. "ಕೇಳಿದೆಯೇನೋ ಗಾಳಿ, ನಿನ್ನ ಹೆಂಡತಿ ನಾಲಿಗೆ? ಈ ಸಲ ಏನಾದ್ರೂ ಆಗಲಿ, ಕಟುಕನಿಗೆ ಹೇಳಿಟ್ಟಿದ್ದೀನಿ. ಹೊಗೆ ಇಳಿದ ದಿನ ಬಂದು ಹೊಟ್ಟೆ ಮುಟ್ಟಿ ನೋಡ್ತಾನೆ. ಇದ್ರೆ ಇತ್ತು, ಇಲ್ಲದಿದ್ರೆ ಅಲ್ಲೇ ಗಾಡಿಗೆ. ನಡಿ."

ನಡೆದಳು. ಹಿತ್ತಿಲ ಬಾಗಿಲ ಹತ್ತಿರ ಸೊಸೆ ಕಾದು ನಿಂತಿದ್ದಳು. ತನ್ನದೊಂದು ಮೆತ್ತನೆಯ ಹಳೆ ಸೀರೆಯನ್ನು ಇವಳ ಕಂಕುಳಿಗೆ ಸಿಕ್ಕಿಸಿ, "ನೆನೆಸಿ ಕೊಟ್ಟಿಗೆ ಬಾಗಿಲಿಗೆ ಕಟ್ಟಕ್ಕ," ಎಂದು ಒಳಗೆ ಹೋದಳು.

*

ಆ ಸಂಜೆ ಗಂಡ ಊಟಕ್ಕೆ ಕುಳಿತ. ತುತ್ತು ಎತ್ತಲಿಲ್ಲ.

"ನನಗೆ ಗೊತ್ತಿತ್ತು," ಎಂದ.

"ಏನು?"

"ಹೊಗೆ ಎಲ್ಲಿಗೆ ಹೋಗುತ್ತೆ ಅಂತ."

"ಗಾಳಿ ನೋಡೋನಿಗೆ ಗೊತ್ತಿರದೆ ಕೋಳಿ ಕಾಯೋನಿಗೆ ಗೊತ್ತಿರುತ್ತಾ?" ಅವಳು ಹುಲ್ಲಿನ ಹೊರೆಯನ್ನು ಬಾನಿಗೆ ಅದ್ದಿದಳು.

"ಬೆಂಕಿ ಬದು ದಾಟಬಾರದು, ಯಾರ ಮೈನೂ ಸುಡಬಾರದು, ಅಷ್ಟೇ ನೋಡ್ತಿದ್ದೆ ಕಣೇ. ಹೊಗೆ ಹೊಗೇನೇ ಅಲ್ವಾ, ಹಾರಿ ಹೋಗುತ್ತೆ ಅಂದ್ಕೊಂಡಿದ್ದೆ."

ಅವಳು ಹೊರೆ ಎತ್ತಿ ಹಿಂಡಿದಳು. ಕಪ್ಪು ನೀರು ಮೊಣಕೈವರೆಗೆ ಇಳಿಯಿತು.

"ನಮ್ಮವೂ ಎರಡು ಹೋದವು," ಎಂದಳು. "ಒಂದು ಬೆಂಕಿ ಹಾಕಿದ ಆರನೇ ದಿನ. ಇನ್ನೊಂದು ಹನ್ನೊಂದನೇ ದಿನ. ಆಗ ನಾನು ಎಣಿಸಿರಲಿಲ್ಲ. ಗೊಡ್ಡಿ ಗೊಡ್ಡಿ ಅಂತ ಎಲ್ಲರೂ ಅಂದ್ರು, ನಾನೂ ಅಂದ್ಕೊಂಡೆ. ಕೆಂದಿದು ಹೋದ ಮೇಲೆ ಎಣಿಸಿದೆ."

ಗಂಡ ತಟ್ಟೆ ಪಕ್ಕಕ್ಕೆ ಸರಿಸಿದ. ಅನ್ನದ ಮೇಲೆ ನೊಣ ಕುಳಿತರೂ ಓಡಿಸಲಿಲ್ಲ. ಆಮೇಲೆ ಅವನ ದನಿ ಬೇರೆಯಾಗಿತ್ತು.

"ನಾಳಿದ್ದು ಇಳಿಹೊತ್ತಿಗೆ ಗಾಳಿ ತಿರುಗುತ್ತೆ. ದೊಡ್ಡಮನೆ ಕಡೆಗೆ. ಒಂದು ಗಂಟೆ ಇರುತ್ತೆ, ಸಾಕು. ಹಚ್ಚಿಬಿಡ್ತೀನಿ. ಕೆಮ್ಮಿ ಸಾಯಲಿ ಸೂಳೇಮಗ."

ಅವಳ ಕೈ ಬಾನಿಯಲ್ಲೇ ನಿಂತಿತು. ಅವಳು ಒಳ್ಳೆಯವಳೆಂಬ ಕಾರಣಕ್ಕೆ ಆ ಯೋಚನೆ ಅವಳ ತಲೆಯ ಹತ್ತಿರ ಸುಳಿಯದೆ ಹೋಗಲಿಲ್ಲ. ಹೊಗೆ ಗೇಟು ದಾಟುವುದನ್ನು, ಜಗಲಿ ಏರುವುದನ್ನು, ಧಣಿ ಕಣ್ಣುಜ್ಜಿಕೊಳ್ಳುವುದನ್ನು ಅವಳು ನೋಡಿದಳು. ಚೆನ್ನಾಗಿತ್ತು. ಇಡೀ ಒಂದು ಹೊರೆ ತೊಳೆಯುವಷ್ಟು ಹೊತ್ತು ನೋಡಿದಳು.

"ಬೇಡ," ಎಂದಳು. "ಅಲ್ಲಿ ಹದಿನಾಲ್ಕು ಹಸು ಇವೆ. ಒಂಬತ್ತು ಗಬ್ಬ. ನನ್ನ ಸದ್ದು ಕೇಳಿದ್ರೆ ಕಿವಿ ಆಡಿಸ್ತಾವೆ. ಆ ಹುಡುಗಿ ಏಳು ತಿಂಗಳ ಬಸುರಿ. ಅವಳೇನು ಮಾಡಿದ್ಲು?"

"ನಾವೇನು ಮಾಡಿದ್ವಿ?"

ಅವಳು ಕೈಯ ನೀರು ಒರೆಸಿಕೊಂಡು ಬಂದು ಅವನ ಎದುರು ಕುಳಿತಳು.

"ನೀನು ಧಣಿ ಹೇಳಿದ ಹಾಗೇ ಹಚ್ಚು. ಒಂದೇ ಒಂದು ಎಳೆ ದೊಡ್ಡಮನೆ ಕಡೆ ಹೋಗಬಾರದು. ಹುಟ್ಟಿದ ಮೇಲೆ ಅಷ್ಟು ಚೆನ್ನಾಗಿ ಗಾಳಿ ನೋಡಿರಬಾರದು ನೀನು. ಯಾವತ್ತು ಅಂತ ನನಗೆ ಹಿಂದಿನ ದಿನ ಹೇಳಿದ್ರೆ ಸಾಕು."

"ಹೇಳಿದ್ರೆ?"

"ಊರಲ್ಲಿ ಹೊಗೆ ಬಾರದ ಜಾಗ ಒಂದೇ. ನೀನೇ ಮಾಡಿಕೊಡೋ ಜಾಗ. ಅಲ್ಲಿಗೆ ಹೋಗಿ ಕೂತ್ಕೋತೀವಿ. ದನ, ಜನ, ಎಲ್ಲ."

"ದೊಡ್ಡಮನೆ ಅಂಗಳಕ್ಕಾ?" ಗಂಡ ಅವಳ ಮುಖ ನೋಡಿದ. "ಮುಂಬಾಗಿಲಿಂದ?"

"ಹಿತ್ತಿಲು ಇಕ್ಕಟ್ಟು. ಕುಂಟನ ಎಮ್ಮೆ ಹಿಡಿಸಲ್ಲ."

ಗಂಡ ನಕ್ಕ. ವರ್ಷದ ಮೇಲೆ ನಕ್ಕದ್ದು. ನಗು ನಡುವಿನಲ್ಲೇ ಕೆಮ್ಮಾಯಿತು. ಅವಳು ಎದ್ದು ನೀರು ಕೊಟ್ಟಳು.

*

ಗಂಡ ಆರಿಸಿದ್ದು ಗುರುವಾರ. ಹೊತ್ತು ಮೂಡಿ ಎರಡು ತಾಸಿಗೆ ಅವನೂ ಧಣಿಯೂ ಗದ್ದೆಯ ಬದುವಿನ ಮೇಲಿದ್ದರು. ಅದೇ ಹೊತ್ತಿಗೆ ಕೇರಿ ಹೊರಟಿತು.

ಎಲ್ಲರೂ ಬರಲಿಲ್ಲ. ಧಣಿಯ ಗದ್ದೆಯಲ್ಲೇ ಕೂಲಿಗಿದ್ದ ನಾಲ್ಕು ಮನೆಯವರು ಬಾಗಿಲು ಹಾಕಿಕೊಂಡು ಒಳಗಿಂದ ಕೆಮ್ಮಿದರು. ಅಜ್ಜಿಯನ್ನು ತಳ್ಳುಗಾಡಿಯ ಮೇಲೆ ಕೂರಿಸಿ, ಮಡಿಲಲ್ಲಿ ಮೇಕೆ ಇಟ್ಟಿದ್ದರು. "ಮದುವೇಲಿ ಇಲ್ಲದ ಮೆರವಣಿಗೆ ಈಗ ಬಂತು ನೋಡ್ರೇ," ಎಂದಳು ಅಜ್ಜಿ. "ಮೇಕೆನ ಗಂಡ ಅನ್ಕೊಳ್ಳಿ. ಅವನಿಗಿಂತ ಇದು ಕಡಿಮೆ ತಿನ್ನುತ್ತೆ." ಕುಂಟ ಎಮ್ಮೆಯ ಬೆನ್ನಿಗೆ ಕೈಕೊಟ್ಟು ನಡೆಯುತ್ತಿದ್ದ. ಎಂಟು ದನ, ಇಪ್ಪತ್ತರ ಹತ್ತಿರ ಜನ. ಎಲ್ಲರ ಮುಂದೆ ಕೊಟ್ಟಿಗೆಯವಳು, ಕೈಯಲ್ಲಿ ಕೆಂದಿಯ ಹಗ್ಗ, ಕಂಕುಳಲ್ಲಿ ಒಂದು ಮರದ ಗೂಟ.

ಮುಂದಿನ ಗೇಟನ್ನು ಅವಳು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ. ಭಾರವಿರಬೇಕು ಎಂದುಕೊಂಡಿದ್ದಳು. ಒಂದು ಬೆರಳಿಗೆ ತೆರೆಯಿತು.

ಅಂಗಳದ ಗಾಳಿ ತಿಳಿಯಾಗಿತ್ತು. ಕೆಂದಿ ನಿಂತು ಮೂಗು ಎತ್ತಿ, ಹೊಟ್ಟೆ ಉಬ್ಬುವ ಹಾಗೆ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಿತು. ಅವಳು ಹಗ್ಗ ಸಡಿಲ ಬಿಟ್ಟಳು.

ಸೊಸೆ ಜಗಲಿಗೆ ಬಂದಳು. "ಏನಕ್ಕ ಇದು? ಮಾವ ನೋಡಿದ್ರೆ..."

"ಹೊಗೆ ಇಳಿಯೋವರೆಗೆ ತಾಯಿ."

ಸೊಸೆ ಕೆಂದಿಯ ಹೊಟ್ಟೆ ನೋಡಿದಳು. ಅವಳ ಕೈ ತನ್ನಷ್ಟಕ್ಕೆ ತನ್ನ ಹೊಟ್ಟೆಗೆ ಹೋಯಿತು. ಗದ್ದೆಯ ಕಡೆ ತಿರುಗಿದಳು. ಅಲ್ಲಿ ಮೊದಲ ಹೊಗೆ ಎದ್ದಿತ್ತು. ಬಾಗಿದ ಕಂಬದಂತೆ ಓರೆಯಾಗಿ, ತಪ್ಪದೆ ಕೇರಿಯ ಕಡೆಗೇ ಹರಿಯುತ್ತಿತ್ತು. ಇತ್ತ ಒಂದು ಎಳೆಯೂ ಇಲ್ಲ. ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೇನೋ ಎಂದು ಎಲ್ಲರೂ ಅಂದುಕೊಂಡಾಗ ಒಂದು ಬಕೆಟ್ ನೀರು ಹಿಡಿದು ಹೊರಗೆ ಬಂದಳು. ಭಾರಕ್ಕೆ ನಡು ಬಾಗಿತ್ತು. ಕುಂಟ ಕುಂಟುತ್ತಲೇ ಧಾವಿಸಿ ಇಸಿದುಕೊಂಡ.

ಧಣಿ ಬಂದಾಗ ಅಂಗಳದಲ್ಲಿ ಮೂರು ಕಡೆ ಸಗಣಿ ಬಿದ್ದಿತ್ತು. ಅವನು ಗೇಟಿನಲ್ಲೇ ನಿಂತ. ಏನು ನೋಡುತ್ತಿದ್ದೇನೆ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರಪ್ಪನ ಮನೆ ಅಂದ್ಕೊಂಡ್ರೋ ಬೋಳಿಮಕ್ಕಳಾ!"

"ನಮ್ಮಪ್ಪಂದಂತೂ ಅಲ್ಲ ಧಣಿ," ಎಂದಳು ಅಜ್ಜಿ ತಳ್ಳುಗಾಡಿಯ ಮೇಲಿಂದ. "ಅವನಿಗೆ ಮನೆನೇ ಇರಲಿಲ್ಲ."

"ಹೊರಗೆ! ಎಲ್ಲಾ ಹೊರಗೆ! ಲೋ ಗಾಳಿ, ಬಿಚ್ಚೋ ಆ ಹಸುನ, ಎಳ್ಕೊಂಡು ನಡಿ!"

ಗಂಡ ಅವನ ಹಿಂದೆಯೇ ಬಂದು ನಿಂತಿದ್ದ. ಕೈಯೆಲ್ಲ ಮಸಿ. "ಹಗ್ಗ ಅವಳ ಕೈಲಿದೆ ಧಣಿ. ನಂದು ಗಾಳಿ ಕೆಲಸ." ಸ್ವಲ್ಪ ತಡೆದು ಕೇಳಿದ: "ಗಾಳಿ ಸರಿಯಾಗಿತ್ತಲ್ಲ?"

ಧಣಿಯ ಕೈ ಅವನ ಕೆನ್ನೆಗೆ ಬಿತ್ತು. ಗಂಡ ಕದಲಲಿಲ್ಲ.

"ಹೊಗೆ ಏನೂ ಮಾಡಲ್ಲ ಅಂದಿದ್ರಿ," ಎಂದಳು ಕೊಟ್ಟಿಗೆಯವಳು. ಅವಳ ದನಿ ಎಲ್ಲರಿಗೂ ಕೇಳುತ್ತಿತ್ತು. "ಹಾಗಾದ್ರೆ ನಿಮ್ಮ ಹದಿನಾಲ್ಕನ್ನ ಹತ್ತು ದಿನ ನಮ್ಮ ಕೇರೀಲಿ ಕಟ್ಟಿಸಿ ಧಣಿ. ಜಾಗ ಖಾಲಿ ಇದೆ. ನಾನೇ ನೋಡ್ಕೋತೀನಿ, ಹುಲ್ಲು ತೊಳೆದು ಹಾಕ್ತೀನಿ. ಆಮೇಲೆ ಕಟುಕ ಬಂದು ಎಲ್ಲಾದರ ಹೊಟ್ಟೆನೂ ಮುಟ್ಟಿ ನೋಡಲಿ."

ಧಣಿ ಬಂದು ಹಗ್ಗಕ್ಕೆ ಕೈ ಹಾಕಿ ಜಗ್ಗಿದ. ಮೂಗುದಾರ ಎಳೆದ ನೋವಿಗೆ ಕೆಂದಿ ಮುಂಗಾಲು ಮಡಿಸಿ ಮೊಣಕಾಲ ಮೇಲೆ ಬಿತ್ತು. ಅದರ ಹೊಟ್ಟೆ ನೆಲಕ್ಕೆ ಒಂದು ಗೇಣು ಮೇಲೆ ತೂಗಿತು. ಜನ ಹೋ ಎಂದರು. ಜಗಲಿಯಿಂದ ಸೊಸೆ "ಮಾವ!" ಎಂದು ಕೂಗಿದಳು. ಆ ಕೂಗಿಗೆ ಅವನ ಹಿಡಿತ ಒಂದು ಗಳಿಗೆ ಸಡಿಲಾಯಿತು.

ಕೊಟ್ಟಿಗೆಯವಳು ಹಗ್ಗ ಕಿತ್ತುಕೊಂಡಳು. ಕೆಂದಿ ಕಷ್ಟಪಟ್ಟು ಎದ್ದು ನಿಲ್ಲುವವರೆಗೆ ಕಾದಳು. ಆಮೇಲೆ ಗುಡಿಸಿದ ಆ ಅಂಗಳದ ನಟ್ಟನಡುವೆ ಕುಕ್ಕರಗಾಲಲ್ಲಿ ಕುಳಿತು ಗೂಟವನ್ನು ನೆಲಕ್ಕೆ ಊರಿದಳು. ಗಂಡ ಗೇಟಿಗೆ ಒತ್ತುಕೊಟ್ಟಿದ್ದ ಕಲ್ಲನ್ನು ಎತ್ತಿ ತಂದು ಅವಳ ಪಕ್ಕದಲ್ಲಿ ಇಟ್ಟ. ಅವಳು ಎರಡು ಪೆಟ್ಟು ಹೊಡೆದಳು. ನೆಲ ಗಟ್ಟಿ. ಗೂಟ ನಾಲ್ಕು ಬೆರಳು ಇಳಿಯಿತು.

ಮೂರನೆಯ ಪೆಟ್ಟಿಗೆ ಮೊದಲು ಗೂಟದ ತಲೆಯ ಮೇಲೆ ಒಂದು ಬೂಟು ಬಂದು ಕುಳಿತಿತು.

"ಹೊಡಿ," ಎಂದ ಧಣಿ. "ಧೈರ್ಯ ಇದ್ರೆ ಹೊಡಿಯೇ ಗೊಡ್ಡಿ."

ಅವಳು ಬೂಟು ನೋಡಿದಳು. ಅದರ ಹೊಲಿಗೆಯ ಸಂದಿಯಲ್ಲೆಲ್ಲ ಹೊಸ ಬೂದಿ ಇತ್ತು. ಗೋಡೆಯಾಚೆ ಕೇರಿ ಕಾಣುತ್ತಿರಲಿಲ್ಲ. ಅದು ಇದ್ದ ಜಾಗದಲ್ಲಿ ಹೊಗೆ ನಿಂತಿತ್ತು. ಅದರೊಳಗಿಂದ, ಬಾಗಿಲು ಹಾಕಿಕೊಂಡ ಆ ನಾಲ್ಕು ಮನೆಗಳ ಕೆಮ್ಮು ಇಲ್ಲಿಯವರೆಗೂ ಕೇಳುತ್ತಿತ್ತು.

ಅವಳು ಎರಡೂ ಕೈಯಲ್ಲಿ ಕಲ್ಲನ್ನು ತಲೆಯ ಮೇಲೆತ್ತಿದಳು.

"ಕಾಲು ತೆಗಿ," ಎಂದಳು.